ತಕ್ಕಡಿಗೆ ಸಿಗದ ಆರು ಕೆಜಿ

ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವನು ತಕ್ಕಡಿ. ಹತ್ತೊಂಬತ್ತರ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಬಂದಾಗ, ಕಾರ್ಖಾನೆ ಕಟ್ಟಿದ ದೊಡ್ಡೋರು ಅವನ ಎರಡು ಅಂಗೈಗೂ ಒಂದೊಂದು ಬೋಲ್ಟ್ ಇಟ್ಟು, "ಯಾವುದು ಹಗುರ?" ಎಂದು ಕೇಳಿದರಂತೆ. ಇವನು ಎಡಗೈ ಎತ್ತಿ, "ಇದು, ಗುಲಗಂಜಿಯಷ್ಟು" ಎಂದನಂತೆ. ತೂಗಿ ನೋಡಿದರೆ ನಿಜ! ಅವತ್ತೇ ತೂಕದ ಮೇಜು ಇವನ ಪಾಲಿಗೆ ಬಂತು. ಮೂವತ್ತೊಂದು ವರ್ಷ ಅದನ್ನು ಬಿಟ್ಟು ಕದಲಲಿಲ್ಲ.

ವರ್ಷಕ್ಕೆ ನಲವತ್ತು ಕಾರು, ಅಷ್ಟೇ ಅವರ ದುಡಿಮೆ. ಎರಡು ಸೀಟಿನ, ಕೈಯಲ್ಲಿ ಬಡಿದ ಅಲ್ಯೂಮಿನಿಯಂ ಮೈಯ, ನೆಲಕ್ಕೆ ಅಂಟಿಕೊಂಡು ಓಡುವ ಸ್ಪೋರ್ಟ್ಸ್ ಕಾರು. ಮೂತಿಯ ಮೇಲೆ ದೊಡ್ಡೋರು ತಾವೇ ಎರಕ ಹೊಯ್ದ, ಅವರ ಹೆಸರಿದ್ದ ಹಿತ್ತಾಳೆಯ ಬಿಲ್ಲೆ. ಕಾರಿಗೆ ಸೇರುವ ಒಂದೊಂದು ಭಾಗವೂ ಮೊದಲು ತಕ್ಕಡಿಯ ಮೇಜಿಗೆ ಬರಬೇಕು. ಹೆಚ್ಚು ತೂಗಿತೋ, ವಾಪಸು.

"ಹತ್ತು ಗ್ರಾಂ ಜಾಸ್ತಿ ಹಾಕ್ತೀಯಾ? ಎಲ್ಲಿಂದ ಹತ್ತು ಗ್ರಾಂ ತೆಗೀತೀಯ ಅದನ್ನ ಹೇಳು ಮೊದಲು," ಎಂದು ಗದರುತ್ತಿದ್ದ.

ಮೇಜಿನ ಹಿಂದಿನ ಗೋಡೆಯ ಮೇಲೆ ದೊಡ್ಡೋರ ಕೈಬರಹದಲ್ಲೇ ನಿಯಮವಿತ್ತು: ಪ್ರತಿ ಭಾಗವನ್ನೂ ತೂಗಬೇಕು. ಸುರುಳಿಯಿಂದ ಕತ್ತರಿಸಿದ್ದು, ಡಬ್ಬಿಯಿಂದ ಬಳಿದದ್ದು ಬೇಡ. ಅವಕ್ಕೆಲ್ಲ ಸೇರಿ ಎಂಟು ಕೆಜಿ ಎಂದು ಲೆಕ್ಕ ಹಿಡಿಯುವುದು. ವೈರು, ಟೇಪು, ಬಣ್ಣವನ್ನೆಲ್ಲ ತೂಗುತ್ತ ಕೂತರೆ ಕಾರು ಮುಗಿಯುವುದು ಯಾವಾಗ?

ಅವನ ಚಟ ಮನೆಯನ್ನೂ ಬಿಟ್ಟಿರಲಿಲ್ಲ. ಹೆಂಡತಿ ಬಂದವರೆದುರು ಹೇಳಿಕೊಂಡು ನಗುತ್ತಿದ್ದಳು: "ಮಗು ಹುಟ್ಟಿದಾಗ ನರ್ಸ್ ತೂಗೋಕೆ ಮುಂಚೆನೇ ಎತ್ಕೊಂಡು 'ಎರಡು ಎಂಟುನೂರು' ಅಂದ್ರು. ಗಂಡೋ ಹೆಣ್ಣೋ ಅಂತ ಆಮೇಲೆ ಕೇಳಿದ್ರು!"

ಇಂಥ ಮನುಷ್ಯನಿಗೆ ಸಿಟ್ಟು ಬಂದರೆ ಹೇಗಿರಬೇಡ? ಆ ವರ್ಷ ಸಿಟ್ಟು ಬಂತು, ಬಂದದ್ದು ಇಳಿಯಲೇ ಇಲ್ಲ.

ದೊಡ್ಡೋರು ತೀರಿಹೋಗಿ ಮಗಳು ಕಾರ್ಖಾನೆ ನಡೆಸುತ್ತಿದ್ದಳು. ಅವಳು ತೆವಳುವ ಕೂಸಾಗಿದ್ದಾಗಿನಿಂದ ಕಂಡ ತಕ್ಕಡಿಗೆ ಅವಳು ಪುಟ್ಟಿ. ಸಿಟ್ಟು ಬಂದಾಗ ಮಾತ್ರ ಮೇಡಂ. ಇವರಿಗೆ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದ ಕಂಪನಿ, ಇನ್ನೆರಡು ವರ್ಷಕ್ಕೆ ನಿಲ್ಲಿಸುತ್ತೇವೆ ಎಂದು ಕಾಗದ ಬರೆಯಿತು. ಪುಟ್ಟಿ ಎಲ್ಲರನ್ನೂ ಕೂಡಿಸಿದಳು. ಅವಳ ಪಕ್ಕದಲ್ಲಿ ದೊಡ್ಡ ಕಾರು ಕಂಪನಿಯೊಂದರಿಂದ ಬಂದ ಕೋಟಿನವನು ಕೂತಿದ್ದ.

"ನಮ್ಮ ಮುಂದೆ ಮೂರು ದಾರಿ ಇದೆ," ಎಂದಳು. "ಒಂದು, ಅಪ್ಪನ ಹೆಸರನ್ನ ಇವರಿಗೆ ಮಾರಿ ಬಾಗಿಲು ಹಾಕೋದು. ಎರಡು, ಇವರ ಬ್ಯಾಟರಿ ಕಾರಿನ ಚಾಸಿ ತಂದು ಅದರ ಮೇಲೆ ನಮ್ಮ ಮೈ ಕೂರಿಸೋದು. ಮೂರು, ಸಣ್ಣ ಬ್ಯಾಟರಿ ಹಾಕಿ ಹಗುರವಾದ ಕಾರನ್ನ ನಾವೇ ಮಾಡೋದು."

"ಎರಡನೇದು ಎಷ್ಟು ತೂಗುತ್ತೆ?" ಎಂದ ತಕ್ಕಡಿ.

"ಸಾವಿರದ ಆರುನೂರು ಇರಬಹುದು," ಎಂದ ಕೋಟಿನವನು. "ಈಗಿನ ಕಾಲದಲ್ಲಿ ಅದೇನೂ ಹೆಚ್ಚಲ್ಲ."

"ಅದು ಕಾರಲ್ಲ ಸ್ವಾಮಿ, ಬೀರು. ಬೀರುಗೆ ಚಕ್ರ ಹಾಕೋಕೆ ನಾವ್ಯಾಕೆ ಬೇಕು?"

ಕೂತವರು ನಕ್ಕರು. ಪುಟ್ಟಿ ನಗಲಿಲ್ಲ.

"ಸರಿ ಮಾಮ, ಮೂರನೇದು ಮಾಡಿ ತೋರಿಸು. ಅಪ್ಪ ಮಾಡಿದ ಕೊನೇ ಕಾರು ಏಳುನೂರ ಐವತ್ತು ಕೆಜಿ. ಅದನ್ನ ದಾಟಬಾರದು. ದಾಟಿದ್ರೆ ಹೆಸರು ಇವರಿಗೇ ಹೋಗುತ್ತೆ. ಭಾರದ ಕಾರು ಮಾಡೋಕೆ ಲೋಕದಲ್ಲಿ ಬೇಕಾದಷ್ಟು ಕಂಪನಿ ಇವೆ, ನಾವು ಬೇಕಿಲ್ಲ."

"ಆಗಲಿ ಮೇಡಂ," ಎಂದು ಎದ್ದುಹೋದ ತಕ್ಕಡಿ.

ಹನ್ನೊಂದು ತಿಂಗಳು ಅವನು ಯಾರನ್ನೂ ನೆಮ್ಮದಿಯಾಗಿ ಇರಗೊಡಲಿಲ್ಲ. ಸೀಟಿನ ಚೌಕಟ್ಟನ್ನು ಮೂರು ಸಲ ಹಿಂದಕ್ಕೆ ಕಳಿಸಿದ. ಬಾಗಿಲಿನ ಹಿಡಿಯನ್ನು ಕಿತ್ತು ಚರ್ಮದ ಪಟ್ಟಿ ಹಾಕಿಸಿದ. ಬೆಸುಗೆಯವರು ಇವನನ್ನು ಕಂಡರೆ ಕನ್ನಡಕ ಇಳಿಸಿಕೊಂಡು ಕುರುಡರಾಗುತ್ತಿದ್ದರು.

ಅಲ್ಲಿ ವೈರಿಂಗ್ ಕೆಲಸ ಅವನ ಸ್ವಂತ ತಂಗಿಯದು. ಒಂದು ಬೆಳಿಗ್ಗೆ ಅವಳು ತೋಳಿನ ತುಂಬ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಸುತ್ತಿಕೊಂಡು ಬಂದಳು.

"ಅಣ್ಣಾ, ಇದನ್ನ ಸ್ವಲ್ಪ ತೂಗು."

"ಸುರುಳಿದು ತೂಗಲ್ಲ. ಗೋಡೆ ಓದೋಕೆ ಬರಲ್ವಾ?"

"ಗೋಡೆ ಬರೆದಾಗ ವೈರು ದಾರದ ಥರ ಇತ್ತು. ಈಗ ಹಗ್ಗ ಆಗಿದೆ. ನನ್ನ ತೋಳು ಬಿದ್ದುಹೋಗ್ತಿದೆ ಕಣೋ."

"ತೋಳು ಬಿದ್ರೆ ತಗೊಂಡು ಬಾ, ಅದನ್ನ ತೂಗ್ತೀನಿ. ಹೋಗು, ಕೆಲಸ ನೋಡು."

ಅವಳು ಇನ್ನೊಂದು ಮಾತು ಎತ್ತಿದಳು. ಚಾರ್ಜ್ ಮಾಡುವ ಪೆಟ್ಟಿಗೆ ಇರುವುದು ಕಾರಿನ ಮೂತಿಯೊಳಗೆ. ಸಾಕೆಟ್ ಇಟ್ಟಿರುವುದು ಹಿಂದಿನ ಚಕ್ರದ ಮೇಲೆ, ಮೊದಲು ಪೆಟ್ರೋಲ್ ಮುಚ್ಚಳ ಇದ್ದಲ್ಲಿ. ಎರಡಕ್ಕೂ ನಡುವೆ ಕೇಬಲ್ ಕಾರಿನುದ್ದಕ್ಕೂ ಓಡಬೇಕು. ಸಾಕೆಟ್ಟನ್ನು ಮುಂದಕ್ಕೆ ತರಬಾರದೇ?

"ದೊಡ್ಡೋರ ಅಚ್ಚಿನ ಮೇಲೆ ಬಡಿದ ಮೂತಿ ಅದು. ಅದಕ್ಕೆ ತೂತು ಹಾಕಿದವರ ಕೈ ಮುರೀತೀನಿ."

ತಂಗಿ ಕೇಬಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ತೂಕದ ದಿನ ಬಂತು. ಕೋಟಿನವನು ಬರುವುದು ನಾಲ್ಕು ಗಂಟೆಗೆ. ಬೆಳಿಗ್ಗೆ ಎಂಟಕ್ಕೇ ಕಾರನ್ನು ನೆಲದಲ್ಲಿ ಹೂತ ದೊಡ್ಡ ತೂಕದ ಕಾಟಾದ ಮೇಲೆ ತಳ್ಳಿದರು. ತಕ್ಕಡಿಯ ಪುಸ್ತಕದಲ್ಲಿ ಎಲ್ಲ ಕೂಡಿ ಏಳುನೂರ ಐವತ್ತಕ್ಕೆ ಸರಿಯಾಗಿತ್ತು.

ಕಾಟಾ ಏಳುನೂರ ಐವತ್ತಾರು ತೋರಿಸಿತು.

ತಕ್ಕಡಿ ಬೆಸುಗೆಯವರನ್ನು ಬೈದ. ಟೈರ್ ಕಳಿಸಿದವರನ್ನು ಬೈದ. ಕಾಟಾವನ್ನು ಒದ್ದ. "ಕಳ್ಳ ನನ್ಮಕ್ಕಳಾ, ನನ್ನ ಕಣ್ಣು ತಪ್ಪಿಸಿ ಯಾರೋ ಏನೋ ಹಾಕಿದೀರಿ!" ಎಂದು ಶೆಡ್ಡಿನ ತಗಡು ನಡುಗುವಂತೆ ಕೂಗಿದ. ಎಲ್ಲರೂ ತಲೆ ತಗ್ಗಿಸಿದರು, ಒಬ್ಬಳನ್ನು ಬಿಟ್ಟು. ತಂಗಿ ಕಾರಿನ ಅಡಿಗೆ ಹಾಕಿದಷ್ಟೇ ಕೇಬಲನ್ನು ಮತ್ತೆ ಸುರುಳಿಯಿಂದ ಕತ್ತರಿಸಿದಳು, ಉಳಿದ ವೈರು, ಟೇಪನ್ನೂ ಕಾರಿಗೆ ಬಳಿದಷ್ಟೇ ಬಣ್ಣವನ್ನೂ ಸೇರಿಸಿ ಅವನ ಮೇಜಿನ ಮೇಲೆ ದೊಪ್ಪನೆ ಹಾಕಿದಳು. ಮುಳ್ಳು ಹದಿನಾಲ್ಕಕ್ಕೆ ಹೋಗಿ ನಿಂತಿತು.

"ಗೋಡೆ ಎಂಟು ಅಂತ ಹೇಳುತ್ತೆ," ಎಂದಳು. "ಹದಿನಾಲ್ಕರಲ್ಲಿ ಎಂಟು ಹೋದ್ರೆ ಎಷ್ಟಣ್ಣಾ? ನೀನೇ ಬುದ್ಧಿವಂತ, ಹೇಳು."

ತಕ್ಕಡಿ ಹೊರಕ್ಕೆ ಹೋಗಿ ಬೇಲಿಯ ಕಂಬಕ್ಕೆ ಮೂರು ಸಲ ಗುದ್ದಿದ. ಹನ್ನೊಂದು ತಿಂಗಳು ಊರಿನವರ ಮೇಲೆಲ್ಲ ಎಸೆದ ಸಿಟ್ಟು ಈಗ ಎಸೆಯಲು ಬೇರೆ ಜಾಗವಿಲ್ಲದೆ ಅವನ ಎದೆಯಲ್ಲೇ ಉರಿಯಿತು. ಕೈಗೆ ಬಟ್ಟೆ ಸುತ್ತಿಕೊಂಡು ಒಳಗೆ ಬಂದ.

"ಸಾಕೆಟ್ ಮುಂದಕ್ಕೆ ತಂದ್ರೆ ಎಷ್ಟು ಉಳಿಯುತ್ತೆ?"

"ಆರು ಚಿಲ್ಲರೆ."

"ಮುಂಚೆನೇ ಬೊಬ್ಬೆ ಹೊಡೆದು ಹೇಳಬಾರದಿತ್ತಾ?"

"ನಿನ್ನ ಬೊಬ್ಬೆ ಮುಗಿದಿದ್ರೆ ತಾನೇ ನಂದು ಶುರು ಆಗೋದು!"

ತಂಗಿ ಕೇಬಲ್ ಬಿಚ್ಚತೊಡಗಿದಳು. ಮೂತಿಗೆ ತೂತು ಹಾಕಲು ಯಾರ ಕೈಯೂ ಏಳಲಿಲ್ಲ. ಕೊನೆಗೆ ತಕ್ಕಡಿಯೇ ಡ್ರಿಲ್ ಹಿಡಿದ. ದೀಪದ ಕೆಳಗೆ ಸೀಸದಕಡ್ಡಿಯಲ್ಲಿ ಗುಂಡಗೆ ಗೆರೆ ಹಾಕಿ, ಹಲ್ಲು ಕಚ್ಚಿ, ದೊಡ್ಡೋರ ಮೂತಿಯನ್ನು ಕೊರೆದ. ಅಲ್ಯೂಮಿನಿಯಂ ಚೂರು ಮೀಸೆಗೆಲ್ಲ ಅಂಟಿಕೊಂಡವು. ಹಿಂದಿನ ತೂತಿಗೆ ತಗಡಿನ ತೇಪೆ, ಮುಂದಿನದಕ್ಕೆ ಸಣ್ಣ ಮುಚ್ಚಳ. ಊಟಕ್ಕೆ ಯಾರೂ ಏಳಲಿಲ್ಲ.

ನಾಲ್ಕು ಗಂಟೆಗೆ ಕೋಟಿನವನು ಬಂದ. ಕೈಯಲ್ಲಿ ಹೆಸರು ಕೊಳ್ಳುವ ಕಾಗದಗಳ ಫೈಲು. ಪುಟ್ಟಿ ಅವನ ಪಕ್ಕ ನಿಂತಳು. ಕಾರು ಮತ್ತೆ ಕಾಟಾ ಏರಿತು.

ಏಳುನೂರ ಐವತ್ತು ಕೆಜಿ, ಇನ್ನೂರು ಗ್ರಾಂ.

 ಕೋಟಿನವನೇ ದೊಡ್ಡ ಮನಸ್ಸು ಮಾಡಿದ. "ಬಿಡಿ ಬಿಡಿ, ಇನ್ನೂರು ಗ್ರಾಂ ಏನು ಮಹಾ! ಒಂದು ಸೇಬಿನ ತೂಕ. ಗೆದ್ದಿರಿ ಅಂತಲೇ ಇಟ್ಕೊಳ್ಳಿ. ಆದರೂ ನಮ್ಮ ಮಾತು ಒಂದ್ಸಲ ಯೋಚನೆ ಮಾಡಿ. ಜನ ಕೊಳ್ಳೋದು ಹೆಸರನ್ನ ಕಣ್ರೀ, ಗ್ರಾಂ ಲೆಕ್ಕಾನಲ್ಲ."

ಬೈದಿದ್ದರೆ ತಕ್ಕಡಿ ತಡೆದುಕೊಳ್ಳುತ್ತಿದ್ದನೇನೋ. ಆ ದಯೆ ಅವನ ನೆತ್ತಿಗೆ ಹತ್ತಿತು.

"ನನ್ನ ಕಾಟಾದ ಮೇಲೆ ಇಟ್ಕೊಳ್ಳೋದು ಅಂತ ಇಲ್ಲ ಸ್ವಾಮಿ. ದಾಟಿದ್ರೆ ದಾಟಿತು."

"ಅಣ್ಣಾ, ಸುಮ್ನಿರೋ!" ಎಂದಳು ತಂಗಿ.

ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕಾರಿನ ಮುಂದೆ ಮಂಡಿಯೂರಿದ. ಹಿತ್ತಾಳೆಯ ಬಿಲ್ಲೆಯ ಎರಡು ಸ್ಕ್ರೂ ಬಿಚ್ಚಿದ. ಅಂಗೈಯಲ್ಲಿ ಒಮ್ಮೆ ಆಡಿಸಿದ. "ಮುನ್ನೂರ ಹತ್ತು" ಎಂದು ಗೊಣಗಿದ. ಎದ್ದು ಬಂದು ಅದನ್ನು ಕೋಟಿನವನ ಕೈಗೆ ತುರುಕಿದ.

"ನಿಮಗೆ ಬೇಕಾಗಿದ್ದು ಹೆಸರು ತಾನೇ? ಹಿಡ್ಕೊಳ್ಳಿ. ಎಷ್ಟು ಭಾರ ಇದೆ ನೋಡಿ."

ಕಾಟಾ ಏಳುನೂರ ನಲವತ್ತೊಂಬತ್ತು ಕೆಜಿ, ಎಂಟುನೂರ ತೊಂಬತ್ತು ಗ್ರಾಂಗೆ ಇಳಿದಿತ್ತು.

 ಪುಟ್ಟಿ ಕೋಟಿನವನ ಕೈಯಿಂದ ಬಿಲ್ಲೆಯನ್ನು ಮೆಲ್ಲಗೆ ತೆಗೆದುಕೊಂಡಳು. "ಇದನ್ನ ಇಲ್ಲೇ ಬಿಟ್ಟುಹೋಗಿ. ನನ್ನ ಮೇಜಿನ ಕಾಗದ ಹಾರದೇ ಇರೋಕೆ ಏನಾದ್ರೂ ಬೇಕಿತ್ತು. ನಿಮ್ಮ ಫೈಲು ಮಾತ್ರ ವಾಪಸು ತಗೊಂಡು ಹೋಗಿ."

ಅಂದಿನಿಂದ ಆ ಕಾರುಗಳ ಮೂತಿಯ ಮೇಲೆ ಬಿಲ್ಲೆಯಿಲ್ಲ. ಹೆಸರನ್ನು ಕುಂಚದಲ್ಲಿ ಬರೆಯುತ್ತಾರೆ. ಗೋಡೆಯ ನಿಯಮದಲ್ಲಿ ಸುರುಳಿ, ಡಬ್ಬಿಯ ಸಾಲನ್ನು ತಕ್ಕಡಿ ಮರುದಿನವೇ ಸುಣ್ಣ ಬಳಿದು ಅಳಿಸಿದ. ಆ ಹೆಸರಿಗೆ ಬೇಕಾದ ಬಣ್ಣವೂ ಈಗ ಮೊದಲು ಅವನ ಮೇಜಿಗೆ ಬರುತ್ತದೆ: ನಾಲ್ಕು ಗ್ರಾಂ. ಐದಾದರೆ ಬೈಗುಳ ತಪ್ಪಿದ್ದಲ್ಲ. ತಂಗಿ ಕೇಬಲ್ ಹೊತ್ತು ಬಂದಾಗ ಮಾತ್ರ ಅವನು ತುಟಿ ಬಿಚ್ಚುವುದಿಲ್ಲ. ಎದ್ದು ಹೋಗಿ, ಅವಳ ಹೆಗಲಿನಿಂದ ತಾನೇ ಇಳಿಸಿಕೊಳ್ಳುತ್ತಾನೆ.