ಪೆಟ್ಟಿಗೆಯ ಹಣೆಗಿಟ್ಟ ಕುಂಕುಮ

ಬೆಳಗಿನ ಜಾವ ಲಗ್ಗೆರೆಯಿಂದ ಪೀಣ್ಯದ ಕಡೆಗೆ ಕಾಲುದಾರಿ ಹಿಡಿದ ಅಶ್ವತ್ಥಮ್ಮ ಕೆರೆ ಏರಿಯ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ. ಕತ್ತೆತ್ತಿ ನೋಡುತ್ತಾರೆ. ರೋಹಿಣಿ ನಕ್ಷತ್ರ ಕೆಂಪಗೆ ಕಾಣುತ್ತದೆ. ಅದರಿಂದ ತುಸು ಆಚೆಗೆ, ವೃಷಭ ರಾಶಿಯ ಹೋರಿಯ ಕೊಂಬಿನ ತುದಿಯ ಪಕ್ಕ ಎಂದು ಕೆಲಸದ ಜಾಗದ ಸಾಹೇಬರು ಗುರುತು ಹೇಳಿಕೊಟ್ಟ ಜಾಗದಲ್ಲಿ, ಏನೂ ಇಲ್ಲ. ದಿನವೂ ನೋಡುತ್ತಾರೆ, ದಿನವೂ ಏನೂ ಇಲ್ಲ.

"ಅಲ್ಲೊಂದು ಸತ್ತೋದ ನಕ್ಷತ್ರ ಐತಂತೆ. ಸತ್ತಮ್ಯಾಕೂ ಬುಗುರಿ ಅಂಗೆ ತಿರುಗ್ತಾನೇ ಐತಂತೆ. ನಂಬೋದೋ ಬಿಡೋದೋ ಗೊತ್ತಾಗಕ್ಕಿಲ್ಲ," ಎಂದು ಬುತ್ತಿ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಹೆಜ್ಜೆ ಹಾಕುತ್ತಾರೆ.

ಪೀಣ್ಯದ ಶೆಡ್ಡುಗಳ ಸಾಲಿನಲ್ಲಿ ಒಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿರುವ ಪ್ರಯೋಗಾಲಯ ಅವರು ಕೆಲಸ ಮಾಡುವ ಜಾಗ. ಅಕ್ಕಪಕ್ಕದಲ್ಲಿ ಕಬ್ಬಿಣ ಕಡೆಯುವ ಲೇತು ಕಿರುಗುಟ್ಟಿದರೆ ಇದರೊಳಗೆ ಪಿಟ್ಟೆನ್ನುವ ಸದ್ದಿಲ್ಲ. ಒಳಕೋಣೆಗೆ ಧೂಳಿನ ಕಣವೂ ಹೋಗಕೂಡದು. ಹಾಗಾಗಿ ಬಾಗಿಲ ಬಳಿಯ ನಲ್ಲಿಯಲ್ಲಿ ಅಶ್ವತ್ಥಮ್ಮ ಬಳೆ ತೆಗೆಯುತ್ತಾರೆ, ಕೈ ತೊಳೆಯುತ್ತಾರೆ, ಕೊನೆಗೆ ಒದ್ದೆ ಬಟ್ಟೆಯಿಂದ ಹಣೆಯ ಕುಂಕುಮ ಒರೆಸಿಕೊಳ್ಳುತ್ತಾರೆ. ಸಂಜೆ ಹೊರಬಂದ ಕೂಡಲೇ ಸೆರಗಿನ ಗಂಟಿನಲ್ಲಿರುವ ಪುಟ್ಟ ಭರಣಿಯಿಂದ ಮತ್ತೆ ಇಟ್ಟುಕೊಳ್ಳುತ್ತಾರೆ. ಗಂಡ ಲಕ್ಷ್ಮಯ್ಯ ಅದೇ ರಸ್ತೆಯ ಲೇತಿನಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿರುವಾಗ ಹೆಂಡತಿ ಬರಿ ಹಣೆಯಲ್ಲಿ ಕೂರುವುದೆಂದರೇನು? ಅತ್ತೆ ವೆಂಕಟಮ್ಮನಿಗೆ ಇದು ಗೊತ್ತಾದ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ.

"ಅಂಥಾದ್ದೇನು ಘನಂದಾರಿ ಕೆಲಸ ಅಂತ ಕೇಳಿದ್ರು. ನಂಗೇ ಗೊತ್ತಿಲ್ಲ, ಏನಂತ ಏಳ್ಲಿ?" ಅಶ್ವತ್ಥಮ್ಮನ ಕಷ್ಟವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಕೈಗೆ ಗೊತ್ತಿರುವ ಕೆಲಸ ತಲೆಗೆ ಹತ್ತುವುದಿಲ್ಲ.

ಕೈಗೆ ಗೊತ್ತಿರುವುದು ತಂತಿ. ಇವರ ಹೊಲ ಕೈಗಾರಿಕೆಗೆಂದು ಹೋದ ಮೇಲೆ ಬಲ್ಬು ಮಾಡುವ ಕಾರ್ಖಾನೆಯೊಂದರಲ್ಲಿ ತಂತಿ ಕೂರಿಸುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬಂದರು. ಇಲ್ಲಿನ ತಂತಿ ಕೂದಲಿಗಿಂತ ಸಣ್ಣದು, ಉಸಿರು ತಾಗಿದರೆ ಅಲುಗುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಈ ಗೋಡೆಯಿಂದ ಆ ಗೋಡೆಗೆ ಅದನ್ನು ಎಳೆದು, ತುದಿಗೆ ಪುಟ್ಟ ತೂಕ ಕಟ್ಟಿ, ಬಿಗಿ ಸರಿಯಾದ ಮೇಲೆ ಬೆಸುಗೆ ಹಾಕಬೇಕು. ಇಡೀ ದಿನ ಕೂತರೆ ನಾಲ್ಕೈದು ತಂತಿ ಆದಾವು. ಆಮೇಲೆ ಪೆಟ್ಟಿಗೆಗೆ ಅನಿಲ ತುಂಬುತ್ತಾರೆ, ಮೇಲೆ ಹಾಳೆಯಂಥ ತೆಳು ತಗಡಿನ ಮುಚ್ಚಳ ಕೂರಿಸುತ್ತಾರೆ. ಹೈದರಾಬಾದಿಗೆ ಒಯ್ದು, ದೊಡ್ಡ ಬಲೂನಿಗೆ ಕಟ್ಟಿ ಮೋಡಗಳಾಚೆಗೆ ಬಿಡುತ್ತಾರೆ. ಅಲ್ಲಿ ಅದು ಎಕ್ಸ್‌ರೇ ನೋಡುತ್ತದಂತೆ.

"ಎಕ್ಸ್‌ರೇ ಅಂದ್ರೆ ಆಸ್ಪತ್ರೇಲಿ ಮೂಳೆ ನೋಡೋದಲ್ವ ಸಾ? ಮ್ಯಾಲೆ ಯಾರ ಮೂಳೆ ನೋಡ್ತೀರ?" ಎಂದು ಅಶ್ವತ್ಥಮ್ಮ ಒಮ್ಮೆ ಕೇಳಿಯೇ ಬಿಟ್ಟಿದ್ದಾರೆ. ಪೆಟ್ಟಿಗೆಯ ಉಸ್ತುವಾರಿ ಹೊತ್ತ ವಿಜ್ಞಾನಿ ಜಯಸಿಂಹ ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಹೇಳಿದ್ದಾರೆ. "ಆಸ್ಪತ್ರೇಲಿ ಮೆಷೀನು ಕಿರಣ ಬಿಡುತ್ತೆ ಅಶ್ವತ್ಥಮ್ಮ. ಇಲ್ಲಿ ನಕ್ಷತ್ರವೇ ಬಿಡುತ್ತೆ, ನಮ್ಮ ಪೆಟ್ಟಿಗೆ ಬರೀ ಹಿಡ್ಕೊಳ್ಳುತ್ತೆ. ಆ ಬೆಳಕು ಕಣ್ಣಿಗೆ ಕಾಣಲ್ಲ, ಗಾಳಿ ದಾಟಿ ನೆಲಕ್ಕೂ ಬರಲ್ಲ. ಅದಕ್ಕೇ ಮೇಲೆ ಕಳಿಸೋದು." ಕಣ್ಣಿಗೆ ಕಾಣದ್ದು, ನೆಲಕ್ಕೆ ಬಾರದ್ದು ಬೆಳಕು ಹೇಗಾಯಿತು? ಅಶ್ವತ್ಥಮ್ಮ ತಲೆಯಾಡಿಸಿ ಮತ್ತೆ ತಂತಿಗೆ ತೂಕ ಕಟ್ಟತೊಡಗಿದ್ದಾರೆ. ಪಾಪ, ಇನ್ನೇನು ಮಾಡಿಯಾರು.

ಎಡವಟ್ಟಾದದ್ದು ಕಳೆದ ವರ್ಷದ ಆಯುಧಪೂಜೆಯಂದು. ಶೆಡ್ಡಿನಲ್ಲಿ ತಕ್ಕಡಿಗೆ, ಡ್ರಿಲ್ಲಿಗೆ, ವ್ಯಾನಿಗೆ, ಕೊನೆಗೆ ಕಾವಲುಗಾರನ ಸೈಕಲ್ಲಿಗೂ ಕುಂಕುಮ ಬಿತ್ತು. ಒಳಕೋಣೆಯ ಪೆಟ್ಟಿಗೆಗೆ ಮಾತ್ರ ಇಲ್ಲ. "ನನ್ ಅಣೆ ಎಂಗೂ ಬರಿದು. ಅದರದ್ದೂ ಬರಿದಾಗಿರ್ಬೇಕಾ? ಎಷ್ಟಾದ್ರೂ ನಾ ಕಟ್ಟಿದ್ದು," ಎನ್ನುತ್ತಾರೆ. ಯಾರೂ ಇಲ್ಲದ ಹೊತ್ತಿನಲ್ಲಿ ಒಳಹೊಕ್ಕು ಮುಚ್ಚಳದ ಮೂಲೆಗೆ ಒಂದು ಬೊಟ್ಟಿಟ್ಟರು. ಕೈ ಮುಗಿದು, ತಪ್ಪೆನಿಸಿ, ಮರುಕ್ಷಣವೇ ಒರೆಸಿದರು. ಪೂರ್ತಿ ಹೋಗಲಿಲ್ಲ.

ಪರೀಕ್ಷೆಯಲ್ಲಿ ಆ ಮೂಲೆ ಮಂಕಾಯಿತು. ಎಷ್ಟು ಕಿರಣ ಬಿಟ್ಟರೂ ಅಲ್ಲಿ ಲೆಕ್ಕ ಕಡಿಮೆ. ತಂತಿ ಸಡಿಲವಾಗಿರಬೇಕೆಂದು ಎಲ್ಲರೂ ತೀರ್ಮಾನಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಒಳ್ಳೆಯ ತಂತಿಗಳನ್ನು ಕಿತ್ತು ಹೊಸದಾಗಿ ಕಟ್ಟಿಸಿದರು. ಮತ್ತೆ ಅದೇ ಮುಚ್ಚಳ, ಮತ್ತೆ ಅದೇ ಮಂಕು. ತಂತಿಯ ಮೇಲೆ ಬಂದ ಅಪವಾದ ತಡೆಯಲಾರದೆ ಅಶ್ವತ್ಥಮ್ಮ ಬಾಯಿಬಿಟ್ಟರು. ಜಯಸಿಂಹ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. "ಅಂಗಡಿ ಕುಂಕುಮಕ್ಕೆ ಸೀಸದ ಪುಡಿ ಬೆರೆಸಿರ್ತಾರೆ. ಸೀಸ ಎಕ್ಸ್‌ರೇ ತಡೆಯುತ್ತೆ," ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಗಾಳಿಯ ದಿಕ್ಕು ಬದಲಾಗಿ ಆ ಸಲದ ಬಲೂನು ತಪ್ಪಿಹೋಗಿತ್ತು.

ಮುಚ್ಚಳ ತೊಳೆದರು. ಬೇಸಿಗೆಯಲ್ಲಿ ಪೆಟ್ಟಿಗೆ ಹಾರಿತು, ಯಾವುದೋ ಜೋಳದ ಹೊಲದಲ್ಲಿ ಇಳಿಯಿತು. ತಿಂಗಳುಗಳು ಉರುಳಿವೆ. ಕಂಡಿತೋ ಇಲ್ಲವೋ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಲೆಕ್ಕ ನಡೀತಿದೆ ಎಂದು. "ಒಂದು ಚೂರು ಉಳ್ಕೊಂಡಿದ್ರೂ ಅದರ ಕಣ್ಣು ನಾನೇ ಕುರುಡು ಮಾಡ್ದಂಗಲ್ವಾ? ಕುಂಕುಮ ಇಟ್ಟಿದ್ದು ಒಳ್ಳೇದಾಗ್ಲಿ ಅಂತ. ಅದೆಂಗೆ ಕೆಟ್ಟದಾಯ್ತದೆ?" ಈ ಗೊಂದಲದಲ್ಲಿ ಅಶ್ವತ್ಥಮ್ಮನಿಗೆ ಊಟ ರುಚಿಸುವುದಿಲ್ಲ, ನಿದ್ದೆಯೂ ಅಷ್ಟಕ್ಕಷ್ಟೇ.

ಇಂದು ಮತ್ತೆ ಆಯುಧಪೂಜೆ. ಅಂಗಳದಲ್ಲಿ ಬೂದುಗುಂಬಳ ಸಿದ್ಧವಾಗಿದೆ. ಜಯಸಿಂಹ ಉದ್ದನೆಯ ಕಾಗದವೊಂದನ್ನು ಹಿಡಿದು ಬಂದವರೇ ನೇರ ಅಶ್ವತ್ಥಮ್ಮನ ಬಳಿಗೆ ಹೋಗುತ್ತಾರೆ. ಕಾಗದದ ಮೇಲೊಂದು ಗೆರೆ. ಮಟ್ಟಸವಾಗಿ ಬಂದು, ಒಂದು ಕಡೆ ಎತ್ತರಕ್ಕೆ ಏರಿ ಇಳಿದು, ಇನ್ನೊಂದು ಕಡೆ ಮತ್ತೆ ಏರಿದೆ.

"ನಕ್ಷತ್ರ ಒಂದು ಸುತ್ತು ತಿರುಗಿದ್ರೆ ಈ ಎರಡು ಗುಡ್ಡ. ಒಂದು ಸೆಕೆಂಡಿಗೆ ಮೂವತ್ತು ಸುತ್ತು. ಗುಡ್ಡದ ಕೆಳಗೆ ಮಟ್ಟಸವಾಗಿದೆಯಲ್ಲ, ಅದು ಸುತ್ತ ಹರಡಿರೋ ಮೋಡದ್ದು, ನಕ್ಷತ್ರ ಸಿಡಿದು ಸತ್ತಾಗ ಚೆಲ್ಲಿದ್ದು."

"ಆ ಮೂಲೆ ಸಾ?"

"ಉಳಿದ ಮೂಲೆಗಳ ಥರಾನೇ ಇದೆ. ಎಲ್ಲಾ ತಂತಿನೂ ಹಿಡಿದಿದೆ ಅಶ್ವತ್ಥಮ್ಮ."

ಅಶ್ವತ್ಥಮ್ಮ ಗೋಡೆಗೊರಗಿ ಕೂತು ಅತ್ತುಬಿಡುತ್ತಾರೆ. ಗುಡ್ಡ, ಮೋಡ, ಮೂವತ್ತು ಸುತ್ತು, ಇವೆಲ್ಲ ಈಗಲೂ ಅರ್ಥವಾಗಿಲ್ಲ. ಕಂಡಿತು ಎನ್ನುವುದು ಅರ್ಥವಾಗಿದೆ. ಆಮೇಲೆ ಎದ್ದು, ಮುಖ ತೊಳೆದು, ಕುಂಕುಮದ ಬಟ್ಟಲು ಹಿಡಿದು ಹೋಗಿ, ಹೊಸ ಪೆಟ್ಟಿಗೆಯನ್ನು ಸಾಗಿಸಲೆಂದು ಅಂಗಳದಲ್ಲಿಟ್ಟಿರುವ ಮರದ ಖೋಕಾಕ್ಕೆ ದೊಡ್ಡದೊಂದು ಬೊಟ್ಟಿಡುತ್ತಾರೆ. ಖೋಕಾ ಆಕಾಶಕ್ಕೆ ಹೋಗುವುದಿಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ತಡಮಾಡದೆ ಹೇಳುತ್ತಾರೆ. "ನಮ್ಮತ್ತೇನ ಒಂದಿನ ಬೆಳಗಿನ ಜಾವ ಏರಿ ಮ್ಯಾಲೆ ಕರ್ಕೊಂಡೋಗ್ಬೇಕು."

"ಅಲ್ಲೇನೂ ಕಾಣಲ್ವಲ್ಲ?" ಎಂದು ಪಕ್ಕದಲ್ಲೇ ನಿಂತ ಜಯಸಿಂಹ ನಗುತ್ತಾರೆ.

"ಕಾಣ್ದಿದ್ರೆ ಬ್ಯಾಡ ಬಿಡಿ ಸಾ, ನನ್ ಪೆಟ್ಟಿಗೆ ಕಂಡೈತಲ್ಲ. ಆ ಜಾಗ ಬೆಟ್ಟು ಮಾಡಿ ತೋರಿಸಿ ಏಳ್ತೀನಿ, ನಾ ಅಣೆ ಬರಿದು ಮಾಡ್ಕೊಂಡು ಕೂತಿದ್ದು ಇದಕ್ಕೇ ಕಣತ್ತೆ ಅಂತ."