ಜಾಕಿಯಾಳ ವೇಬ್ರಿಡ್ಜಿಗೆ ಬಂದ ಪುಕ್ಕಟೆ ಸಿಸ್ಟಮ್ಮು

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಜಾಕಿಯಾಳ ವೇಬ್ರಿಡ್ಜ್ ಇದೆ. ಲಾರಿ, ಟ್ರ್ಯಾಕ್ಟರುಗಳನ್ನು ಲೋಡಿನ ಸಮೇತ ತೂಗುವ ಕಬ್ಬಿಣದ ಹಾಸು, ಪಕ್ಕದಲ್ಲೊಂದು ಕೋಣೆ, ಕೋಣೆಯೊಳಗೆ ಕಂಪ್ಯೂಟರು, ಅದರ ಮುಂದೆ ಜಾಕಿಯಾ. ಎದುರಿನ ಟೀ ಅಂಗಡಿ ನನ್ನದು. ಅವಳ ಹಾಸಿನ ಮೇಲೆ ಗಾಡಿ ನಿಂತರೆ ನನ್ನ ಒಲೆಯ ಮೇಲೆ ಹಾಲು ಕಾಯುತ್ತದೆ. ಹಾಗಾಗಿ ನಾನು ಯಾರ ಕಡೆ ಎಂದು ಯಾರೂ ಕೇಳುವುದು ಬೇಡ.

ಜಾಕಿಯಾಳ ಬಾಯಿ ಜೋರು. ಡ್ರೈವರ್ ಸೀಟಿನಲ್ಲಿ ಕೂತೇ ತೂಕ ಮಾಡಿಸಲು ನೋಡಿದರೆ, "ಕಬ್ಬು ಮಾರ್ತಿದ್ದೀಯೋ, ನಿನ್ನೇ ಮಾರ್ಕತಿದ್ದೀಯೋ? ಇಳಿಲಾ ಕೆಳಕ್ಕೆ!" ಎಂದು ಒಳಗಿಂದಲೇ ಗದರುತ್ತಾಳೆ. ಒಮ್ಮೆ ಅವಳ ಸ್ವಂತ ಸೋದರಮಾವನೇ ಗುಜರಿ ಲೋಡಿನ ಅಡಿಯಲ್ಲಿ ಒದ್ದೆ ಗೋಣಿಚೀಲ ತುರುಕಿಕೊಂಡು ಬಂದಿದ್ದ. ಎಲ್ಲರೆದುರು ಒಂದೊಂದೇ ಚೀಲ ಕೆಳಗೆ ಹಾಕಿಸಿದಳು. ಆ ಸಲದ ಹಬ್ಬಕ್ಕೆ ಮಾವನ ಮನೆಯಿಂದ ಬಿರಿಯಾನಿ ಬರಲಿಲ್ಲ, ಆದರೆ ತಾಲ್ಲೂಕಿನಲ್ಲೆಲ್ಲ ಅವಳಿಗೆ ಹೆಸರು ಬಂತು. ರೈತನೂ ಆಲೆಮನೆಯವನೂ ಬೇರೆ ಯಾವ ವಿಷಯಕ್ಕೂ ಒಪ್ಪುವ ಪೈಕಿಯವರಲ್ಲ. ಜಾಕಿಯಾ ಕೊಟ್ಟ ತೂಕದ ಚೀಟಿಗೆ ಮಾತ್ರ ಇಬ್ಬರೂ ತಲೆಯಾಡಿಸುತ್ತಾರೆ.

ಕಳೆದ ಸಲ ಕಬ್ಬು ಕಡಿಯುವ ಕಾಲದಲ್ಲಿ ಅವಳ ಕಂಪ್ಯೂಟರು ಕೈಕೊಟ್ಟಿತು. ಅದರಲ್ಲಿದ್ದದ್ದು ಎಲ್ಲ ಕಡೆ ಇರುವ, ದುಡ್ಡು ಕೊಟ್ಟು ಕೊಳ್ಳುವ ಆ ದೊಡ್ಡ ಕಂಪನಿಯ ಸಿಸ್ಟಮ್ಮು. ಗಾಡಿಗಳು ಸಾಲುಗಟ್ಟಿ ನಿಂತ ಹೊತ್ತಿಗೇ, ಯಾರನ್ನೂ ಕೇಳದೆ, "ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ" ಎಂದು ಕೂತುಬಿಟ್ಟಿತು. ಕಡಿದ ಕಬ್ಬು ಬಿಸಿಲಿಗೆ ಒಣಗಿದಷ್ಟೂ ತೂಕ ಇಳಿಯುತ್ತದೆ. ಪೂರಿಗಾಲಿಯ ರೈತ ಮರಿಸಿದ್ದಯ್ಯ ಪರದೆಯನ್ನೇ ನೋಡುತ್ತ, "ಅವ್ವೋ, ಅದು ಒಂದೊಂದು ಪರ್ಸೆಂಟು ಏರ್ದಂಗೂ ನನ್ ಕಬ್ಬು ಒಂದೊಂದು ಕೇಜಿ ಇಳೀತಾ ಅದೆ ಕಣವ್ವ!" ಎಂದು ಬಾಯಿ ಬಡಿದುಕೊಂಡ.

ಅಪ್‌ಡೇಟ್ ಮುಗಿದ ಮೇಲೆ ಇನ್ನೊಂದು ಸುದ್ದಿ ಬಂತು. ಈ ಕಂಪ್ಯೂಟರು ಹಳೆಯದು, ಇನ್ನು ನಾವು ನೋಡಿಕೊಳ್ಳುವುದಿಲ್ಲ, ಹೊಸದು ಕೊಳ್ಳಿ ಎಂದು. ಜಾಕಿಯಾ ಪರದೆಗೇ ಬೈದಳು. "ಹಳೇದಾದ್ರೆ ಏನಾತು? ನಾನೂ ಹಳಬಳೇ ಅಲ್ವಾ, ಕೆಲ್ಸ ಮಾಡ್ತಿಲ್ವಾ?"

ಅವಳ ತಮ್ಮ ನಾಸಿರ್ ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನಿಗೆ ಲಿನಕ್ಸ್ ಎಂಬ ಇನ್ನೊಂದು ಸಿಸ್ಟಮ್ಮು ಎಂದರೆ ಪ್ರಾಣ. ಭಾನುವಾರ ಬಂದವನೇ ಹಳೆಯದನ್ನು ಕಿತ್ತು ಅದನ್ನು ಹಾಕಿದ. "ಆಪಾ, ದುಡ್ಡಿಲ್ಲ, ಕಾಸಿಲ್ಲ. ನಿನ್ನ ಕೇಳ್ದೆ ಏನೂ ಮಾಡಲ್ಲ" ಎಂದ. ನಿಜವೇ, ಮುದಿ ಕಂಪ್ಯೂಟರು ಮೊದಲಿಗಿಂತ ಚುರುಕಾಗಿ ಚೀಟಿ ಉಗುಳತೊಡಗಿತು.

ಅವನು ಅಲ್ಲಿಂದಲೇ ಬಸ್ಸು ಹತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಮಹಾರಾಯ ಟೀ ಕುಡಿಯಲು ನನ್ನ ಅಂಗಡಿಗೆ ಬಂದ. ಬೆಂಚಿನ ಮೇಲೆ ಮರಿಸಿದ್ದಯ್ಯನ ಜೊತೆ ಒಂದಷ್ಟು ರೈತರಿದ್ದರು. ಇವನು ಭಾಷಣ ಶುರುಮಾಡಿದ. "ದೊಡ್ಡ ಕಂಪನಿಯವ್ರು ತಮ್ಮದರ ಒಳಗೇನಿದೆ ಅಂತ ಯಾರಿಗೂ ತೋರ್ಸಲ್ಲ. ಇದು ಹಂಗಲ್ಲ. ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು, ತಮಗೆ ಬೇಕಾದಂಗೆ ಬದಲಾಯಿಸ್ಕೋಬೋದು!"

ಅಯ್ಯೋ ಪುಣ್ಯಾತ್ಮ! ತೂಕದ ಜಾಗದಲ್ಲಿ ಆಡುವ ಮಾತೇ ಅದು?

"ಬೇಕಾದಂಗೆ?" ಎಂದ ಮರಿಸಿದ್ದಯ್ಯ.

"ಹೂಂ, ಪೂರ್ತಿ ಸ್ವಾತಂತ್ರ್ಯ."

"ದುಡ್ಡೂ ಇಲ್ಲ?"

"ಪುಕ್ಕಟೆ!" ಎಂದು ನಾಸಿರ್ ಎದೆಯುಬ್ಬಿಸಿದ.

ಮರಿಸಿದ್ದಯ್ಯ ಲೋಟ ಕೆಳಗಿಟ್ಟ. "ಪುಕ್ಕಟೆ ಬಂದಿದ್ದು, ಯಾರ್ ಬೇಕಾದ್ರೂ ತಿರುಗ್ಸಾದು. ಇನ್ನು ನಮ್ ತೂಕವ ದೇವ್ರೇ ಕಾಯ್ಬೇಕು ಕಣ್ರಲಾ" ಎಂದು ಎದ್ದುಹೋದ.

ಮಾರನೆಯ ದಿನದಿಂದ ಗಾಡಿಗಳೆಲ್ಲ ನಮ್ಮನ್ನು ದಾಟಿ, ಮುಂದಿರುವ ಇನ್ನೊಂದು ವೇಬ್ರಿಡ್ಜಿಗೆ ಹೋಗತೊಡಗಿದವು. ನನ್ನ ಹಾಲು ಕೆನೆಗಟ್ಟಿತು. ನಾಸಿರ್‌ಗೆ ಮನಸ್ಸಿನಲ್ಲೇ ಬೈದದ್ದು ಸಾಲದೆ ಅವನ ಅಕ್ಕನ ಮುಂದೆಯೂ ಬೈದೆ.

ಜಾಕಿಯಾ ಹೇಳಿದಳು, "ತೂಗೋದು ಕಂಪ್ಯೂಟ್ರಲ್ಲ ಲಿಂಗಣ್ಣ, ಹಾಸಿನ ಕೆಳಗಿರೋ ಯಂತ್ರ. ಅದಕ್ಕೆ ಸರ್ಕಾರದ ಸೀಲು ಬಿದ್ದದೆ. ಕಂಪ್ಯೂಟ್ರು ಚೀಟಿ ಬರ್ಯೋ ಗುಮಾಸ್ತ ಅಷ್ಟೆ."

"ಜನ ಮೊದ್ಲು ಅನುಮಾನ ಪಡಾದೇ ಗುಮಾಸ್ತನ್ನ ಕಣಮ್ಮ" ಎಂದೆ.

"ಗಿರಾಕಿ ಹೋದ್ರೆ ಹೋಗ್ಲಿ. ನನ್ನ ಕಳ್ಳಿ ಅಂದ್ಬುಟ್ರಲ್ಲ" ಎಂದವಳ ಕಣ್ಣು ತುಂಬಿತ್ತು. ಊರಿಗೆಲ್ಲ ಬೈಯುವ ಹೆಂಗಸು ಅಳುವುದನ್ನು ನೋಡಲಾಗದೆ ನಾನು ಒಂದು ಲೋಟ ಟೀ ತಂದಿಟ್ಟೆ.

ಅಷ್ಟರಲ್ಲಿ ಮರಿಸಿದ್ದಯ್ಯನ ಟ್ರ್ಯಾಕ್ಟರು ಬಂತು. ಜಾಕಿಯಾ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ನಡುರಸ್ತೆಯಲ್ಲಿ ನಿಂತಳು. "ಹತ್ಸು ಗಾಡಿನ! ಬದಲಾಯಿಸ್ಬೋದು ಅಂತ ಊರೆಲ್ಲ ಸಾರ್ಕೊಂಡ್ ಬಂದ್ಯಲ್ಲ ಮರಿಸಿದ್ದಣ್ಣ, ಬಾ, ಕಂಪ್ಯೂಟ್ರು ಮುಂದೆ ಕೂತ್ಕೊ. ನಿನ್ ಕಬ್ಬಿಗೆ ಒಂದೇ ಒಂದು ಕೇಜಿ ಸೇರ್ಸು. ಸೇರ್ಸುದ್ರೆ ನಾಳೆಯಿಂದ ಬಾಗ್ಲು ಹಾಕ್ತೀನಿ."

ಜನ ಸೇರಿದರು. ಗಾಡಿ ಹಾಸಿನ ಮೇಲೆ ನಿಂತಿತು, ತೂಕ ಪರದೆಯ ಮೇಲೆ ಬಂತು. ಮರಿಸಿದ್ದಯ್ಯ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಂಪ್ಯೂಟರಿಗೆ ಕೈಮುಗಿದು ಕೂತ. ಒಂದು ಗುಂಡಿ ಒತ್ತಿದ. ಅಕ್ಷರ ದೊಡ್ಡದಾಯಿತು. ಇನ್ನೊಂದು ಒತ್ತಿದ. ಎಲ್ಲ ಮಾಯವಾಗಿ ಮತ್ತೆ ಬಂತು. ಕೊನೆಗೆ "ಏರ್ತು! ಏರ್ತು ಕಣ್ರಲಾ!" ಎಂದು ಕುಣಿದ. ಬಗ್ಗಿ ನೋಡಿದರೆ ಅದು ಲೆಕ್ಕ ಮಾಡುವ ಕ್ಯಾಲ್ಕುಲೇಟರು, ಅವನೇ ತೆರೆದುಕೊಂಡು ಅವನೇ ಒತ್ತಿಕೊಂಡಿದ್ದ. ಕಬ್ಬಿನ ತೂಕ ಇದ್ದಲ್ಲೇ ಇತ್ತು.

ಆ ಕಬ್ಬು ಕೊಳ್ಳುವ ಆಲೆಮನೆಯ ಪುಟ್ಟರಾಜುವಿಗೆ ತಡೆಯಲಾಗಲಿಲ್ಲ. "ಸರೀಲಾ ಅತ್ಲಾಗೆ, ನಾನು ಕಮ್ಮಿ ಮಾಡಿ ತೋರುಸ್ತೀನಿ" ಎಂದು ನುಗ್ಗಿದ. ಅವನಿಂದ ಇಳಿಸುವುದಕ್ಕೂ ಆಗಲಿಲ್ಲ. ಆಮೇಲೆ ನೋಡಬೇಕಿತ್ತು! ಜಾಕಿಯಾಳನ್ನು ಕಳ್ಳಿ ಎಂದವರೆಲ್ಲ ಕಳ್ಳತನ ಮಾಡಲು ಸಾಲಿನಲ್ಲಿ ನಿಂತರು. ಹಾಲು ಸಾಲದೆ ನಾನು ಇನ್ನೊಂದು ಸಲ ಡೇರಿಗೆ ಹೋಗಿಬಂದೆ.

ಎಲ್ಲರೂ ಸೋತ ಮೇಲೆ ಮರಿಸಿದ್ದಯ್ಯ ಬೆವರು ಒರೆಸಿಕೊಂಡು, "ನ್ಯಾಯವಾಗದೆ ಬುಡವ್ವ ಯಂತ್ರ. ಕೊಡು ಚೀಟಿಯ" ಎಂದ.

ಜಾಕಿಯಾ ಕೊಡಲಿಲ್ಲ. "ಯಂತ್ರದ್ದು ಬುಡು. ನನ್ನ ನಂಬ್ತೀಯೋ ಇಲ್ವೋ, ಅದ ಹೇಳು."

ಮರಿಸಿದ್ದಯ್ಯ ತಲೆ ಕೆರೆದುಕೊಂಡ. "ಥೂ ಹುಚ್ಚಿ! ಆ ಇನ್ನೊಂದು ವೇಬ್ರಿಡ್ಜಿನವ್ನು ಬಾಗ್ಲು ತಾವ ಬಗ್ಗಿ ನೋಡಾಕೂ ಬುಡಾಕಿಲ್ಲ. ನೀನು ಕದ್ಕೊ ಅಂತ ಕುರ್ಚಿನೇ ಬುಟ್ಕೊಟ್ಟೆ. ಇನ್ಯಾರ ನಂಬ್ಲಿ ನಾನು?"

ಜಾಕಿಯಾ ಮುಖ ಆ ಕಡೆ ತಿರುಗಿಸಿಕೊಂಡೇ ಗುಂಡಿ ಒತ್ತಿ, ಚೀಟಿ ತೆಗೆದು ಅವನ ಕೈಗೆ ಕೊಟ್ಟಳು.