ಎರಡು ಬೆರಳು ಮದ್ದು

ಡಿಸೆಂಬರ್ ಒಂಬತ್ತು, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಪುಟ್ಟಬಸಮ್ಮ ತಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಕೋವಿಮದ್ದು ತೂಗುತ್ತಿದ್ದರು. ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಅಂಗೈ ಅಗಲದ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ತುಂಡು, ಅದರ ಮೇಲೆ ಕರಿಮದ್ದು. ಒಂದೊಂದು ತೂಕವನ್ನೂ ಪೊಟ್ಟಣ ಕಟ್ಟಿ ಡಬ್ಬಿಗೆ ಹಾಕುತ್ತಿದ್ದರು. ಒಲೆ ಇನ್ನೂ ಹಚ್ಚಿರಲಿಲ್ಲ. ಮದ್ದು ಬೀರುವಿಗೆ ಸೇರಿ ಬೀಗ ಬೀಳುವವರೆಗೆ ಆ ಮನೆಯಲ್ಲಿ ಬೆಂಕಿಕಡ್ಡಿ ಗೀರುವುದಿಲ್ಲ.

ಮೈದುನ ಮಹದೇವ ಕೂಗದೆ ಕೇಳದೆ ಒಳಗೆ ಬಂದ. ಗೋಡೆಗೆ ಒರಗಿಸಿದ್ದ ಹೊಸ ಕೋವಿಯನ್ನು ಎತ್ತಿಕೊಂಡು ನಳಿಗೆಯೊಳಗೆ ಇಣುಕಿದ.

"ಅದೇನತ್ತಿಗೆಮ್ಮ, ಬಂಗಾರ ತೂಗ್ದಂಗೆ ತೂಗ್ತಿದ್ದೀಯ? ಎರಡ್ ಬೆಳ್ಳು ಉಯ್ಯಿ, ಜಡಿ, ಒಡಿ. ನಮ್ಮಪ್ಪನ ಕಾಲ್ದಿಂದ್ಲೂ ಅಷ್ಟೇಯ."

"ಯಾರ ಬೆಳ್ಳು?" ಎಂದರು ಪುಟ್ಟಬಸಮ್ಮ.

ತಮಾಷೆಯೆಂದುಕೊಂಡು ಮಹದೇವ ನಕ್ಕ. ಅವರು ಎದ್ದು ಅವನ ಕೈಯಿಂದ ಕೋವಿ ಕಿತ್ತುಕೊಂಡರು. ಆ ಪ್ರಶ್ನೆಯನ್ನು ಅವರು ಐದು ವರ್ಷ ನಾಲ್ಕು ತಿಂಗಳಿಂದ ಬಾಯೊಳಗೆ ಇಟ್ಟುಕೊಂಡಿದ್ದರು.

ಹುಲ್ಲಹಳ್ಳಿಯ ಆಚೆ, ನಾಲೆಯ ಮಗ್ಗುಲಿನ ಆ ಊರಿನಲ್ಲಿ ಪುಟ್ಟಬಸಮ್ಮನವರಿಗೆ ಎರಡು ಎಕರೆ ಮೂವತ್ತು ಗುಂಟೆ ಕಬ್ಬು. ಹಂದಿಗಳು ಹಿಂಡಾಗಿ ನುಗ್ಗಿ ಹಿಂದಿನ ವರ್ಷ ಮೂರರಲ್ಲಿ ಒಂದು ಪಾಲು ಕೆಡವಿದ್ದವು. ಬೆಳೆ ಕಾಯಲು ಆ ಮನೆಗೆ ಮಾವನ ಕಾಲದಿಂದ ಕೋವಿಯ ಲೈಸೆನ್ಸ್ ಇತ್ತು. ಮಾವನಿಂದ ಗಂಡ ದೇವಯ್ಯನಿಗೆ, ದೇವಯ್ಯ ತೀರಿಕೊಂಡ ಮೇಲೆ ಹೆಂಡತಿಗೆ ಬಂತು. ಮಹದೇವ ಅದರ ಮೇಲೆ ಅರ್ಜಿ ಹಾಕಿದ್ದ. ಆಕೆಗೆ ಮದ್ದು ತುಂಬಲು ಬರುವುದಿಲ್ಲ, ಮನೆಮಂದಿಗೆಲ್ಲ ಅಪಾಯ, ಆದ್ದರಿಂದ ಅದನ್ನು ರದ್ದು ಮಾಡಿ ತನ್ನ ಹೆಸರಿಗೆ ಕೊಡಬೇಕು ಎಂದು. ಗುರುವಾರ ಠಾಣೆಯಿಂದ ವಿಚಾರಣೆಗೆ ಬರುವವರಿದ್ದರು. ಅವರು ಬರೆಯುವ ಒಂದು ಪುಟದ ಮೇಲೆ ಕೋವಿ ಯಾರ ಕೈಯಲ್ಲಿರುತ್ತದೆ ಎಂಬುದು ನಿಂತಿತ್ತು.

ಇದು ತೋಟಾ ಹಾಕುವ ಬಂದೂಕಲ್ಲ, ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ನಾರೋ ಬಟ್ಟೆಯೋ ಜಡಿದು, ಗುಂಡು ಇಳಿಸಿ, ಹಿಂಬದಿಗೆ ಕಿಡಿ ಹಾರಿಸುವ ಕೇಪು ಸಿಕ್ಕಿಸಿ ಹೊಡೆಯಬೇಕು. ಜಡಿಯುವ ಕಬ್ಬಿಣದ ಸಲಾಕೆಗೆ ಗಜ ಎನ್ನುತ್ತಾರೆ. ಖಾಲಿ ನಳಿಗೆಯಲ್ಲಿ ಗಜ ಇಳಿಸಿದರೆ ಅದರ ತುದಿ ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುತ್ತದೆ. ಮದ್ದು ಹಾಕಿದ ಮೇಲೆ ಇಳಿಸಿದರೆ ಮದ್ದಿನ ಎತ್ತರದಷ್ಟು ಮೇಲೆ ನಿಲ್ಲುತ್ತದೆ. ಆ ಮೇಲೆದ್ದ ಭಾಗಕ್ಕೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು ಅಳೆಯುವುದು ಈ ಸೀಮೆಯ ರೂಢಿ. ಎರಡು ಬೆರಳು ಅಂದರೆ ಸರಿಯಾದ ಮದ್ದು. ಬೆರಳು ಯಾರದು, ನಳಿಗೆ ಎಷ್ಟು ಅಗಲದ್ದು ಎಂದು ಯಾರೂ ಕೇಳುವುದಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್ ತಿಂಗಳ ಒಂದು ಸಂಜೆ, ಗದ್ದೆಯ ಬದುವಿನ ಮೇಲೆ, ಮಹದೇವ ಮದ್ದು ತುಂಬಿ ಕೋವಿಯನ್ನು ಅಣ್ಣನ ಕೈಗೆ ಕೊಟ್ಟ. ಪುಟ್ಟಬಸಮ್ಮ ಅವರಿಂದ ಮೂರು ಹೆಜ್ಜೆ ದೂರದಲ್ಲಿ ಹುಲ್ಲಿನ ಹೊರೆ ಕಟ್ಟುತ್ತಿದ್ದರು. ಅಣ್ಣ ಹೊಡೆದ, ನಳಿಗೆ ಸೀಳಿತು. ದೇವಯ್ಯನ ಎಡಗಣ್ಣು ಹೋಯಿತು, ಎಡಗೈಯ ಎರಡು ಬೆರಳು ಹೋದವು. ಆಮೇಲೆ ನಾಲ್ಕು ವರ್ಷ ಬದುಕಿದ್ದ ಆತ ಒಂದು ದಿನವೂ ನೇಗಿಲು ಮುಟ್ಟಲಿಲ್ಲ. ಬೇರೆ ಕಾಯಿಲೆಯಿಂದ ತೀರಿಕೊಂಡ.

ಆಸ್ಪತ್ರೆಯ ಹೊರಗೆ, ಪೊಲೀಸರು ಹೇಳಿಕೆ ಬರೆದುಕೊಳ್ಳುವ ಮೊದಲು, ಊರಿನ ಹಿರಿಯ ಬೆಟ್ಟಸ್ವಾಮಿ ಪುಟ್ಟಬಸಮ್ಮನವರನ್ನು ಮರದಡಿಗೆ ಕರೆದಿದ್ದರು.

"ಸತ್ತೋಗಿಲ್ವಲ್ಲವ್ವ, ಬದುಕವ್ನೆ. ಇನ್ನೊಬ್ಬನ್ಯಾಕೆ ಸ್ಟೇಷನ್ನಿಗೆ ಅತ್ತಿಸ್ತೀಯ? ನಿನ್ ಗಂಡನೇ ತುಂಬ್ಕಂಡ ಅಂತ ಏಳ್ಬುಡು."

ಪುಟ್ಟಬಸಮ್ಮ ಹಾಗೆಯೇ ಹೇಳಿ ಸಹಿ ಹಾಕಿದರು. ಆವತ್ತಿನಿಂದ ಊರಿನ ಬಾಯಲ್ಲಿ ದೇವಯ್ಯ ಮದ್ದು ತುಂಬಲು ಬಾರದವನಾದ. ಮಹದೇವ ಮಾತ್ರ ಮದುವೆ ಮನೆಗಳಲ್ಲಿ, ಟೀ ಅಂಗಡಿಯಲ್ಲಿ, ನಳಿಗೆ ತುಕ್ಕು ಹಿಡಿದಿತ್ತು, ನಮ್ಮಣ್ಣ ನೋಡಿಕೊಳ್ಳಲಿಲ್ಲ ಎಂದು ಹೇಳುತ್ತ ಬಂದ. ತುಕ್ಕು ಇದ್ದದ್ದು ನಿಜ. ಮದ್ದೊಂದರಿಂದಲೇ ಸೀಳಿತೆಂದು ನಾನು ಹೇಳಲಾರೆ. ಆದರೆ ಆ ತುಕ್ಕಿನ ನಳಿಗೆ ದೇವಯ್ಯ ತುಂಬಿದಷ್ಟು ದಿನವೂ ಸೀಳಿರಲಿಲ್ಲ.

ತೂಕದ ಅಭ್ಯಾಸ ಪುಟ್ಟಬಸಮ್ಮನವರಿಗೆ ತವರಿನಿಂದ ಬಂದದ್ದು. ಹದಿನೇಳನೆಯ ವಯಸ್ಸಿನಿಂದ ಏಳು ವರ್ಷ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದಿದ್ದರು. ಒಂದೇ ಉದ್ದದ ಎರಡು ಲಡಿಗಳನ್ನು ತಕ್ಕಡಿಗೆ ಹಾಕಿದರೆ ಯಾವುದು ಸಣ್ಣ ನೂಲು, ಯಾವುದು ದಪ್ಪ ನೂಲು ಎಂದು ತಕ್ಕಡಿಯೇ ಹೇಳುತ್ತದೆ. ನೂತವಳು ಎಷ್ಟು ಜಗಳವಾಡಿದರೂ ಅದು ಬದಲಾಗುವುದಿಲ್ಲ. ಅದನ್ನು ಹೇಳುವಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಹೊಸ ಕೋವಿ ಅಂದರೆ ಅವರಿಗೆ ಹೊಸದು. ಟಿ. ನರಸೀಪುರದ ನರಸಿಂಹ ಎಂಬ ನಿವೃತ್ತ ಮೇಷ್ಟ್ರು ತಮ್ಮ ಮನೆತನದ ಕೋವಿ ಬೇಡವೆಂದು ಬಿಟ್ಟುಕೊಡುತ್ತಿದ್ದರು. ಕಾಗದಪತ್ರವೆಲ್ಲ ಮುಗಿದು, ಮೈಸೂರಿನ ಅಂಗಡಿಯಲ್ಲಿ ನಳಿಗೆ ಪರೀಕ್ಷೆಯಾಗಿ, ನವೆಂಬರ್ ಮೊದಲ ವಾರ ಕೈಗೆ ಬಂತು. ಕೊಡುವಾಗ ಮೇಷ್ಟ್ರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ನಳಿಗೆಯ ಒಳಗಲ ಹದಿನಾರು ಮಿಲಿಮೀಟರ್. ಹಳೆಯದು ಹದಿಮೂರು. ಬರೀ ಮೂರು ಮಿಲಿಮೀಟರ್ ಅಂತರ ಎನ್ನಿಸುತ್ತದೆ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗದ ಹಾಗೆ ಬೆಳೆಯುವುದರಿಂದ, ಅದೇ ಎರಡು ಬೆರಳಿಗೆ ಇಲ್ಲಿ ಒಂದೂವರೆ ಪಟ್ಟು ಮದ್ದು ಹಿಡಿಯುತ್ತದೆ. ಇದನ್ನು ಪುಟ್ಟಬಸಮ್ಮ ಸೂತ್ರದಿಂದ ತಿಳಿದದ್ದಲ್ಲ. ಎರಡು ಅಳತೆಯ ಪೈಪಿನ ತುಂಡುಗಳಲ್ಲಿ ಒಂದೇ ಎತ್ತರಕ್ಕೆ ರಾಗಿ ತುಂಬಿ ತೂಗಿ ನೋಡಿದ್ದರು.

ಆಮೇಲೆ ಪ್ರಯೋಗ. ಊರಾಚೆಯ ಬಿಟ್ಟ ಕಲ್ಲುಕ್ವಾರಿಯ ಮಣ್ಣಿನ ಗೋಡೆಗೆ ಗೋಣಿಚೀಲ ನೇತುಹಾಕಿ, ಟೇಪು ಹಿಡಿದು ಇಪ್ಪತ್ತೈದು ಮೀಟರ್ ಅಳೆದರು. ಎರಡೂವರೆ ಗ್ರಾಂನಿಂದ ನಾಲ್ಕೂವರೆವರೆಗೆ ಆರು ತೂಕ, ತೂಕಕ್ಕೆ ಮೂರರಂತೆ ಹದಿನೆಂಟು ಹೊಡೆತ, ಪ್ರತಿ ಹೊಡೆತಕ್ಕೂ ನಳಿಗೆ ಒರೆಸುವುದು, ನಾಲ್ಕು ದಿನ. ಮದ್ದು ಹೆಚ್ಚಿದಷ್ಟೂ ಗುಂಡು ನೆಟ್ಟಗೆ ಹೋಗುತ್ತದೆ ಎಂಬುದು ಊರಿನ ನಂಬಿಕೆ. ಮೂರು ಮುಕ್ಕಾಲು ಗ್ರಾಂನಲ್ಲಿ ಮೂರು ತೂತೂ ಒಂದು ಅಂಗೈಯೊಳಗೆ ಬಿದ್ದವು. ನಾಲ್ಕೂವರೆಗೆ ಎರಡು ಗೇಣು ಚೆದುರಿದವು, ಭುಜ ನೀಲಿಗಟ್ಟಿತು.

ಗುಂಡಿನ ವಿಷಯದಲ್ಲೂ ಊರಿನವರಿಗೆ ಅವರ ಮೇಲೆ ಸಿಟ್ಟು, ಅವರಿಗೆ ಊರಿನವರ ಮೇಲೆ ಸಿಟ್ಟು. ಸೈಕಲ್ ಬೇರಿಂಗಿನ ಉಕ್ಕಿನ ಬಾಲು ಹಾಕು ಎಂದವರಿದ್ದರು. ಅದು ನಳಿಗೆಯ ಒಳಮೈ ಕೆರೆಯುತ್ತದೆ ಎಂದು ತಳ್ಳಿಹಾಕಿದರು. ಸೀಸದ ಸಣ್ಣ ರವೆಗುಂಡು ಹಾಕಿ ನೋಡಿದರು. ನಲವತ್ತರಲ್ಲಿ ಹನ್ನೊಂದು ಮಾತ್ರ ಗೋಣಿಗೆ ತಾಗಿದವು. ಅಷ್ಟಕ್ಕೆ ಹಂದಿ ಸಾಯುವುದಿಲ್ಲ, ಗಾಯಗೊಂಡು ಕಬ್ಬಿನೊಳಗೆ ಕೂರುತ್ತದೆ, ಮಾರನೆಯ ದಿನ ಕಳೆ ಕೀಳಲು ಹೋದ ಹೆಂಗಸಿನ ಮೇಲೆ ಬೀಳುತ್ತದೆ. ಕೊನೆಗೆ ಆರಿಸಿದ್ದು ಹದಿನೈದು ಮಿಲಿಮೀಟರ್ ಚಿಲ್ಲರೆಯ ಒಂಟಿ ಸೀಸದ ಗುಂಡು, ಸುತ್ತ ಹರಳೆಣ್ಣೆ ಸವರಿದ ಖಾದಿ ಬಟ್ಟೆಯ ತುಂಡು. ಅದೂ ಅರಣ್ಯ ಇಲಾಖೆಯ ಅನುಮತಿ ಇದ್ದ ದಿನಕ್ಕೆ ಮಾತ್ರ. ಉಳಿದ ದಿನ ಗುಂಡೇ ಇಲ್ಲ, ಬೆದರಿಸಲು ಬರೀ ಸದ್ದು. ಅದಕ್ಕೂ ತೆಂಗಿನ ನಾರು ಜಡಿಯುವುದಿಲ್ಲ. ಕಿಡಿ ಹಿಡಿದ ನಾರು ಒಣಗರಿಯ ಮೇಲೆ ಬಿದ್ದರೆ ಹಂದಿ ಉಳಿಸಿದ್ದನ್ನು ಬೆಂಕಿ ತಿನ್ನುತ್ತದೆ.

ಗುರುವಾರ ಹನ್ನೊಂದು ಗಂಟೆಗೆ ಠಾಣೆಯ ಎ.ಎಸ್.ಐ. ಬಂದರು. ಜಗುಲಿಯ ಮೇಲೆ ಬೆಟ್ಟಸ್ವಾಮಿ, ಮಹದೇವ, ಹತ್ತು ಹದಿನೈದು ಜನ. ಪುಟ್ಟಬಸಮ್ಮ ಪೊಟ್ಟಣ ಬಿಚ್ಚಿ ತಕ್ಕಡಿಗೆ ಹಾಕಿ ತೋರಿಸಿದರು. ಹಿಂದಿನಿಂದ ಯಾರೋ, ಮದ್ದಿನ ಜೊತೆಗೆ ಒಗ್ಗರಣೆಗೂ ತೂಕ ಇದೆಯಾ ಎಂದು ಕೇಳಿ ನಗಿಸಿದರು. ಎ.ಎಸ್.ಐ. ನಗಲಿಲ್ಲ. ನೀವು ಹೇಗೆ ತುಂಬ್ತೀರಿ, ತೋರಿಸಿ ಎಂದು ಮಹದೇವನಿಗೆ ಹೇಳಿದರು.

ಕೇಪು ಇಲ್ಲದ ಕೋವಿಯನ್ನು ನಿಲ್ಲಿಸಿಕೊಂಡು ಮಹದೇವ ಮದ್ದು ಸುರಿದ, ಗಜ ಇಳಿಸಿದ, ಬೆರಳಿಟ್ಟು ನೋಡಿದ, ಇನ್ನಷ್ಟು ಸುರಿದ. "ನೋಡಿ ಸಾ. ಎರಡ್ ಬೆಳ್ಳು. ಕಣ್ ಮುಚ್ಕಂಡು ಮಾಡ್ತೀನಿ."

ಪುಟ್ಟಬಸಮ್ಮ ನಳಿಗೆಯನ್ನು ಕಾಗದದ ಮೇಲೆ ಬೋರಲು ಹಾಕಿ ತೂಗಿದರು. ಏಳು ಪಾಯಿಂಟ್ ಒಂಬತ್ತು ಗ್ರಾಂ. ಅವರ ಮೂರು ಮುಕ್ಕಾಲು ಗ್ರಾಂ ಪೊಟ್ಟಣದ ಎರಡರಷ್ಟಕ್ಕಿಂತ ಹೆಚ್ಚು. ಎ.ಎಸ್.ಐ. ತಕ್ಕಡಿಯ ಅಂಕಿಯನ್ನು ಎರಡು ಸಲ ಓದಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಲೈಸೆನ್ಸ್ ಉಳಿದಂತೆಯೇ ಇತ್ತು. ಅಷ್ಟರಲ್ಲಿ ಮಹದೇವ, ಅಳತೆಯಲ್ಲಿ ತಪ್ಪಿಲ್ಲ, ನಮ್ಮಣ್ಣ ಕೂಡ ಅವತ್ತು ಇಷ್ಟೇ ತುಂಬಿಕೊಂಡಿದ್ದ ಎಂದುಬಿಟ್ಟ.

ಪುಟ್ಟಬಸಮ್ಮ ಒಳಗೆ ಹೋಗಿ ಒಂದು ಗಜ ತಂದರು. ಸೀಳಿದ ಕೋವಿಯದು. ಕೋವಿಯನ್ನು ಪೊಲೀಸರು ಒಯ್ದಾಗ ಇದು ಗದ್ದೆಯಲ್ಲೇ ಉಳಿದಿತ್ತು. ಅದರ ತುದಿಯಿಂದ ಸ್ವಲ್ಪ ಕೆಳಗೆ ಅರದಿಂದ ಉಜ್ಜಿದ ಒಂದು ಗೆರೆ. ದೇವಯ್ಯ ಪ್ರತಿ ಸಲ ಬೆರಳಿಡುವ ರಗಳೆ ಬೇಡವೆಂದು ತನ್ನ ಎರಡು ಬೆರಳಿಗೆ ಸರಿಯಾಗಿ ಹಾಕಿಕೊಂಡಿದ್ದ ಗುರುತು. ತೆಳ್ಳಗಿನ ಕೈಯ ಮನುಷ್ಯ. ಸ್ಕೇಲಿಟ್ಟರೆ ಮೂರು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್.

"ಅವತ್ತು ತುಂಬಿದ್ದು ನನ್ ಗಂಡ ಅಲ್ಲ ಸಾ, ಇವನು. ಗೆರೆ ನೋಡ್ಲಿಲ್ಲ, ತನ್ ಬೆಳ್ಳಿಟ್ಟ. ನಾನ್ ಕಣ್ಣಾರೆ ಕಂಡಿವ್ನಿ. ಸ್ಟೇಷನ್ನಲ್ಲಿ ಸುಳ್ಳು ಏಳ್ದೆ."

ಬೆಟ್ಟಸ್ವಾಮಿ ಎದ್ದು, ಮುಗಿದ ಮಾತು ಈಗ್ಯಾಕವ್ವ ಎಂದರು. ಸುಳ್ಳು ಹೇಳಿಸಿದ ಬಾಯಿ ಇದೇ ಸಾ ಎಂದು ಪುಟ್ಟಬಸಮ್ಮ ಅವರತ್ತಲೂ ಕೈ ತೋರಿಸಿದರು. ಹಿರಿಯರು ಕುಳಿತುಕೊಂಡರು.

ಎ.ಎಸ್.ಐ. ಪೆನ್ನು ಎತ್ತಿಹಿಡಿದರು. ಸುಳ್ಳು ಹೇಳಿಕೆ ಕೊಟ್ಟವರು ಎಂದು ಬರೆದರೆ ಲೈಸೆನ್ಸಿಗೇ ತೊಂದರೆ ಬರಬಹುದು, ಬರೆಯಲೋ ಬೇಡವೋ ಎಂದು ಕೇಳಿದರು. ಬರೀರಿ ಎಂದರು ಪುಟ್ಟಬಸಮ್ಮ. ಅವರು ಬರೆದರು. ಅದಕ್ಕಾಗಿ ಆಮೇಲೆ ಪುಟ್ಟಬಸಮ್ಮ ಎರಡು ಸಲ ನಂಜನಗೂಡಿಗೆ ಹೋಗಿ ಬೆಂಚಿನ ಮೇಲೆ ಕೂರಬೇಕಾಯಿತು, ಬೈಸಿಕೊಳ್ಳಬೇಕಾಯಿತು. ಫೆಬ್ರವರಿಯಲ್ಲಿ ಮಹದೇವನ ಅರ್ಜಿ ತಿರಸ್ಕಾರವಾದ ಕಾಗದ ಬಂತು. ಕೋವಿ ಅವರ ಬೀರುವಿನಲ್ಲೇ ಇದೆ.

ಆ ಗುರುವಾರ ಪೊಲೀಸ್ ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಜನ ಚೆದುರಿರಲಿಲ್ಲ. ಮಹದೇವ ಎಲ್ಲರಿಗೂ ಕೇಳುವಂತೆ, ಏನೋ ಒಂದು ಚೂರು ಹೆಚ್ಚುಕಮ್ಮಿ ಆಗಿರಬಹುದು, ಅದಕ್ಕೆ ಇಷ್ಟು ರಂಪವೇ ಎಂದ. ಪುಟ್ಟಬಸಮ್ಮ ಅವನ ಬಲಗೈ ಹಿಡಿದೆಳೆದು ಜಗುಲಿಯ ಕಂಬಕ್ಕೆ ಒತ್ತಿದರು, ಎರಡು ಬೆರಳು ಜೋಡಿಸಿ ಪಕ್ಕಕ್ಕೆ ಸ್ಕೇಲು ಹಿಡಿದರು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಓದಿಕೊಂಡು, ದೇವಯ್ಯನ ಗೆರೆಯ ಅಳತೆಯನ್ನು ಅದರಿಂದ ಕಳೆದು, ಕೊನೆಯ ಸಾಲಿನವರಿಗೂ ಮುಟ್ಟುವಂತೆ ಹೇಳಿದರು:

"ನೀನ್ ಏಳೋ ಒಂದ್ ಚೂರು ಎಷ್ಟು ಗೊತ್ತೇನೋ ಮಾದೇವ? ಎಂಟು ಮಿಲಿಮೀಟರ್."